ನಾಲ್ಕನೇ ಮಹಡಿಯ ತಟ್ಟೆ

ಆ ವರ್ಷ ಬಂದ ಹೊಸ ಕಾಯ್ದೆಯಂತೆ, ವರ್ಷಕ್ಕೊಮ್ಮೆ ಮೂವರು ನೆರೆಯವರು ಗುರುತಿಸಿ ಸಹಿ ಮಾಡದಿದ್ದರೆ ಹುಬ್ಬಳ್ಳಿಯಲ್ಲಿ ಯಾರೂ ಉಳಿಯುವಂತಿರಲಿಲ್ಲ. ನಾಲ್ಕನೇ ಮಹಡಿಯಲ್ಲಿ ಒಂಟಿಯಾಗಿದ್ದ ಶಾಂತವ್ವ ಸವಡಿಯ ಮುಖ ನೋಡಿದವರೆಲ್ಲ ಗೊತ್ತಿಲ್ಲವೆಂದು ಹೊರಟುಹೋದರು.

“ಇನ್ನ ಹತ್ತ ನಿಮಿಷ ಐತ್ರಿ, ಅಕ್ಕಾರ. ಆಮ್ಯಾಲೆ ಊರು ಬಿಡಬೇಕು,” ಎಂದ ಸಹಿ ಪುಸ್ತಕ ಹಿಡಿದು ಅಂಗಳದಲ್ಲಿ ಕೂತಿದ್ದ ಗುಮಾಸ್ತ.

ಏಳು ವರ್ಷಗಳಿಂದ ನಡುರಾತ್ರಿ ನಲ್ಲಿಗೆ ನೀರು ಬಂದಾಗಲೆಲ್ಲ ಕಿಟಕಿಯಲ್ಲಿ ತಟ್ಟೆ ಬಡಿದು ಎಲ್ಲರನ್ನೂ ಎಬ್ಬಿಸುತ್ತಿದ್ದವಳು ಅವಳೇ. ಶಾಂತವ್ವ ಮೇಲೆ ಹೋಗಿ ಆ ತಟ್ಟೆಯನ್ನು ತಂದು ಅಂಗಳದಲ್ಲಿ ನಿಂತು ಬಡಿದಳು.

ಕೊಡ ಹಿಡಿದು ನಲವತ್ತು ಜನ ಓಡಿಬಂದರು.

“ಅಯ್ಯ, ತಾಟ ಬಡಿಯಾಕಿ ನೀವ ಏನ್ರಿ?”

“ನಾನ. ನೀರು ಬಂದಿಲ್ಲ, ಸಹಿ ಮಾಡ್ರಿ.”

“ಮೂರ ಸಾಕ್ರಿ,” ಎಂದು ಗುಮಾಸ್ತ ಕೂಗುತ್ತಲೇ ಇದ್ದ. ಸಹಿಗೆ ನಿಂತ ಕೊಡಗಳ ಸಾಲು ಕದಲಲಿಲ್ಲ.