ಬಿಸಿಲು ಕುಡಿದ ತೋಟಾ

ಆ ಮಧ್ಯಾಹ್ನ ದೊಡ್ಡಉಳ್ಳಾರ್ತಿ ಹುಲ್ಲುಗಾವಲಿನ ಅಂಚಿನ ನಮ್ಮ ಕುರಿಹಟ್ಟಿಯಲ್ಲಿ ಇದ್ದವರು ತಾತ, ಅವ್ವ, ಸೋದರಮಾವ ಮತ್ತು ನಾನು. ಹಾಲುಗೂಸು ತಮ್ಮ ಹೊಲದಾಚೆಯ ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿದ್ದ. ಈಗಲೂ ಎಲ್ಲಾದರೂ ಸುಟ್ಟ ಮದ್ದಿನ ವಾಸನೆ ಬಂದರೆ ಆ ಮರವೇ ನನ್ನ ಕಣ್ಣಿಗೆ ಕಟ್ಟುತ್ತದೆ.

ಮಾವ ತನ್ನ ಕೈಯಾರೆ ಮದ್ದು ತುಂಬಿದ ಬಂದೂಕಿನ ತೋಟಾಗಳನ್ನು ಕಾದ ಬಂಡೆಯ ಮೇಲೆ ಸಾಲಾಗಿ ಇಟ್ಟು ಬೀಗುತ್ತಿದ್ದ.

"ಹಪ್ಪಳ ಅಂದ್ಕೊಂಡಿಯೇನ್ಲೇ, ಬಿಸಿಲಿಗೆ ಹಾಕೋಕೆ?" ಎಂದು ತಾತ ಛೇಡಿಸಿದ. ತಾತ ಮಾತ್ರ ತನ್ನ ತೋಟಾಗಳನ್ನು ಸದಾ ರಾಗಿ ಗಡಿಗೆಯೊಳಗೆ ಹೂತಿಡುತ್ತಿದ್ದ.

ಅಷ್ಟರಲ್ಲಿ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಜೋಲಿಯ ಕೆಳಗೇ ತೋಳ ನಿಂತಿತ್ತು. ಕೂಗಿದರೆ ಅದು ಕೂಸನ್ನು ಕಚ್ಚಿಕೊಂಡು ಓಡುವ ಭಯ. ಮಾವ ಬಂದೂಕು ಎತ್ತಿಕೊಂಡು ಬಂಡೆಯ ಮೇಲಿನ ತೋಟಾಕ್ಕೆ ಕೈಹಾಕಿದ. ತಾತ ಅವನ ಮುಂಗೈ ಹಿಡಿದ.

"ಬ್ಯಾಡ ಕಣ್ಲೇ. ಅದು ಬಿಸಿಲು ಕುಡಿದೈತೆ. ಕಾದ ಮದ್ದು ಜೋರಾಗಿ ಉರಿದು ಗುಂಡು ಗುರಿಗಿಂತ ಮೇಲಕ್ಕೆ ಹೋಗ್ತೈತೆ. ಮೇಲೆ ಕೂಸೈತೆ."

ತಾತ ಗಡಿಗೆಗೆ ಕೈ ತೂರಿಸಿ ತಣ್ಣನೆಯ ತೋಟಾ ತೆಗೆದುಕೊಟ್ಟ. ಅವನ ಬೆರಳಿಗಂಟಿದ ರಾಗಿಕಾಳು ನನ್ನ ಪಾದದ ಮೇಲೆ ಉದುರಿತು. ಮಾವ ಉಸಿರು ಹಿಡಿದು ಬಂದೂಕಿನ ಕುದುರೆ ಎಳೆದ. ತೋಳ ನಿಂತಲ್ಲೇ ಉರುಳಿತು. ಸದ್ದಿಗೆ ಬೆಚ್ಚಿ ತಮ್ಮ ಕಿರುಚಿ ಅಳತೊಡಗಿದ. ಅವ್ವ ಬರಿಗಾಲಲ್ಲಿ ಓಡಿದಳು.

"ಅಳಲಿ ಬಿಡವ್ವಾ," ಎಂದ ತಾತ, ಗಡಿಗೆಯ ಬಾಯಿ ಮುಚ್ಚುತ್ತಾ. "ಅವನು ಅಳೋದೇ ಚೆಂದ."

ಮುಂದೆ ತಾತನ ಕಣ್ಣು ಮಂಜಾದ ವರ್ಷ ಆ ತಮ್ಮನೇ ಅವನನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಯಲ್ಲಿ ಕೂರಿಸಿ, ಮೊಳಕಾಲ್ಮೂರಿನ ವೈದ್ಯರ ಬಳಿಗೆ ಕರೆದೊಯ್ದ.