ಚುಕ್ಕಿ ಇಟ್ಟರೆ ಸಾಲದು

ಬಹಳ ಹಿಂದೇನಲ್ಲ, ಹೋದ ವರ್ಷವೇ, ಒಂದು ಆಸ್ಪತ್ರೆಯಲ್ಲಿ ಕಾರಣ ಕೇಳದೆ ದಾರಿ ಬಿಡದ ಕಂಪ್ಯೂಟರ್ ಪರದೆಯೊಂದಿತ್ತು. ಯಾವ ವೈದ್ಯರು ಸ್ಕ್ಯಾನ್ ಕೇಳಿದರೂ ಅದು ಸಾವಿರ ಅಧ್ಯಯನಗಳನ್ನು ಜಾಲಾಡಿ ಬೇಕೋ ಬೇಡವೋ ಹೇಳುತ್ತಿತ್ತು. ಬೇಡವೆಂದರೂ ಹಟ ಹಿಡಿದವರು ಕೆಳಗಿನ ಚೌಕದಲ್ಲಿ ಕಾರಣ ಬರೆಯಬೇಕು. ಬರೆದವರುಂಟೇ? ಎಲ್ಲರೂ ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಿದ್ದರು. ಪರದೆ ಪಾಪ, ಚುಕ್ಕಿಯನ್ನೂ ಕಾರಣವೆಂದೇ ನಂಬುತ್ತಿತ್ತು.

ಸ್ಕ್ಯಾನ್ ವಿಭಾಗದ ಕಿರಿಯ ವೈದ್ಯೆ ನಂಬಲಿಲ್ಲ. "ಇವತ್ತು ಒಬ್ಬರ ಕೈಲಾದ್ರೂ ನಿಜವಾದ ಕಾರಣ ಬರೆಸ್ತೀನಿ ನೋಡಕ್ಕ" ಎಂದು ಬೆಳಿಗ್ಗೆಯೇ ಟೆಕ್ನೀಷಿಯನ್‌ಗೆ ಮಾತು ಕೊಟ್ಟಿದ್ದಳು.

ಮಧ್ಯಾಹ್ನ ಬಂದದ್ದು ಹಿರಿಯ ಸರ್ಜನ್ನರ ಚುಕ್ಕಿ. ತಲೆಯ ಸ್ಕ್ಯಾನ್, ಹಳೆಯ ತಲೆನೋವು. ರೋಗಿಯ ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ. ಪರದೆ ಕೆಂಪಗೆ ಬೇಡವೆಂದಿತ್ತು. ಅವಳು ವಾಪಸು ಕಳಿಸಿದಳು. ಐದೇ ನಿಮಿಷ, ಅವರೇ ಬಂದು ನಿಂತರು.

"ಏನಮ್ಮಾ, ನಾನಿಟ್ಟ ಚುಕ್ಕಿ ಕಾಣ್ಲಿಲ್ವಾ?"

"ಕಾಣ್ತು ಸರ್. ಅದರಲ್ಲಿ ಕಾಯಿಲೆ ಕಾಣ್ಲಿಲ್ಲ."

"ಈ ಡಬ್ಬ ದೊಡ್ಡದೋ, ನನ್ನ ಮೂವತ್ತು ವರ್ಷದ... ಅದೇ... ಅದೇನದು..."

"ಅನುಭವ. ಅದನ್ನೇ ಬರೀರಿ ಸರ್. ಜಾಗ ಬಿಟ್ಟಿರೋದೇ ಅದಕ್ಕೆ."

"ನಾಳೆ ಈ ಕುರ್ಚೀಲಿ ನೀನಿರಲ್ಲ!"

"ಇವತ್ತು ಇದ್ದೀನಲ್ಲ." ಅವಳು ಕುರ್ಚಿಯನ್ನು ಇನ್ನಷ್ಟು ಮುಂದೆಳೆದು ಕೂತಳು. "ರೋಗೀನ ಸರಿಯಾಗಿ ನೋಡಿದ್ದೀರಾ?"

"ದಿನಾ ನೋಡ್ತೀನಿ."

"ಮತ್ತೆ ಹೇಳೋಕೇನು ಕಷ್ಟ?"

"ಹೇಳಿದ್ರೆ ಅವನ ಅನ್ನ ಹೋಗುತ್ತೆ ಕಣಮ್ಮ."

"ಹೇಳ್ದೆ ಜೀವಾನೇ ಹೋದ್ರೆ ಅನ್ನ ಯಾರು ಉಣ್ಣೋದು ಸರ್? ನೀವು ಬರೆಯೋವರೆಗೂ ನಾನು ಏಳಲ್ಲ."

ಸರ್ಜನ್ ಬಾಗಿಲು ಮುಚ್ಚಿದರು. ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡು ಎಡಗೈಯ ಒಂದೇ ಬೆರಳಿನಿಂದ, ಅಕ್ಷರ ಕಲಿಯುವ ಮಗುವಿನ ಹಾಗೆ ಹುಡುಕಿ ಹುಡುಕಿ ಒತ್ತಿದರು: ಹದಿನೈದು ದಿನದಿಂದ ಬಲಗೈಗೆ ಹಿಡಿತವಿಲ್ಲ. ಮಾತಿನ ನಡುವೆ ಪದಗಳು ಸಿಗುತ್ತಿಲ್ಲ.

ಕೆಂಪು ಹಸಿರಾಯಿತು: ಸ್ಕ್ಯಾನ್ ಬೇಕು. ಈಗಲೇ.

ಅವಳು ಗೆದ್ದವಳ ಹಾಗೆ ತಲೆಯೆತ್ತಿದಳು. "ನೋಡಿದ್ರಾ ಸರ್, ಬರೆದ್ರೆ ಅದೂ ಕೇಳುತ್ತೆ. ರೋಗೀನ ಒಳಗೆ ಕಳಿಸಿ."

ಅವರು ಬಿಳಿ ಕೋಟು ಕಳಚಿಟ್ಟು, ಒಳಗೆ ನಡೆದು, ಯಂತ್ರದ ಮಂಚದ ಮೇಲೆ ತಾವೇ ಮಲಗಿದರು.