ಅಮ್ಮ ಕಳಿಸಿದ ಬುತ್ತಿ

"ಚೆಂದದ ಪಾರ್ಕ್ ಯಾವುದಿದೆ ನೋಡಿಡು. ಅಮ್ಮ ಬುತ್ತಿ ಕಟ್ಟಿ ಕಳಿಸ್ತಾಳೆ, ಕೂತು ಉಣ್ಣೋಣ," ಎಂದು ಅಣ್ಣ ಫೋನ್ ಮಾಡಿದಾಗ ಅವಳು ಕೂಡಲೇ ಹೂಂ ಅಂದಳು. ಜಾತಿ ಬಿಟ್ಟು ಕಟ್ಟಿಕೊಂಡ ದಿನ, "ಅದೂ ಒಂದು ಮದುವೆಯಾ?" ಎಂದು ಮನೆಯವರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಮದುವೆಯಾದವಳು ಎಂದು ತವರಿನವರ ಬಾಯಲ್ಲಿ ಒಮ್ಮೆ ಕೇಳಿದರೆ ಸಾಕಿತ್ತು ಅವಳಿಗೆ.

ಊರಿನ ಪಾರ್ಕುಗಳನ್ನೆಲ್ಲ ಅಳೆದು ತೂಗಿ, ಕೆರೆ ಪಕ್ಕದ ಗುಲಾಬಿ ತೋಟವನ್ನೇ ಆರಿಸಿದಳು.

ಅಣ್ಣ ಒಂದು ಸುತ್ತು ಅಡ್ಡಾಡಿ ಬಂದು, "ಒಳ್ಳೇ ಜಾಗ ಹುಡುಕಿದೀಯ, ಜನಾನೇ ಇಲ್ಲ," ಎಂದ. ತಾನೇ ಅವಳಿಗೂ ಅವಳ ಗಂಡನಿಗೂ ಎಲೆ ಹಾಸಿ ಹುಳಿಯನ್ನ, ಕಾಯಿಹೋಳಿಗೆ ಬಡಿಸಿದ.

"ಭಾವನಿಗೆ ಇನ್ನೊಂದು ಹಾಕಣ್ಣ," ಎಂದಳು ಅವಳು, ಅಳುಕುತ್ತಲೇ. ಭಾವ ಎಂಬ ಮಾತಿಗೆ ಅವನು ಮುಖ ಗಂಟಿಕ್ಕಲಿಲ್ಲ. ಇನ್ನೊಂದು ಹೋಳಿಗೆ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಸುರಿದ.

"ನೀನು?"

"ಶನಿವಾರ ಅಲ್ವಾ, ನಂದು ಒಪ್ಪತ್ತು. ನೀವು ಉಣ್ಣಿ."

ಊಟವಾದ ಮೇಲೆ ಗಂಡ ತೂಕಡಿಸುತ್ತ ಮರಕ್ಕೊರಗಿದ. ಅಣ್ಣ ಫೋನ್ ಹಿಡಿದು ಗುಲಾಬಿ ಗಿಡಗಳ ಆಚೆ ಹೋದ. ಹಸಿದ ಅಣ್ಣ ರಾತ್ರಿಯಾದರೂ ತಿನ್ನಲಿ ಎಂದು ಅವಳು ಉಳಿದ ಹೋಳಿಗೆಯನ್ನು ಎಲೆಯಲ್ಲಿ ಸುತ್ತಿ, ಭಾರವಾದ ಕಾಲೆಳೆಯುತ್ತ ಅವನ ಹಿಂದೆ ಬಂದು ನಿಂತಳು.

"ಅಳಬೇಡಮ್ಮ, ಇಬ್ಬರೂ ಉಂಡಾಯ್ತು," ಎನ್ನುತ್ತಿದ್ದ ಅವನು. "ಹಿತ್ತಲಲ್ಲೇ ಸ್ನಾನಕ್ಕೆ ನೀರಿಡು. ಹನ್ನೊಂದು ದಿನ ಯಾಕೆ? ಮದುವೆ ಆಗಿ ಹೋದವಳಲ್ವಾ, ಮೂರು ದಿನ ಸೂತಕ ಹಿಡಿದ್ರೆ ಸಾಕು."